ನೆಲ ಡೊಂಕು

ಸಂಗೀತದ ಟೀಚರ್ ಒಂದು ಹೊರೆ ಗೌನುಗಳನ್ನು ತಂದು ನನ್ನ ಹೊಲಿಗೆ ಮೇಜಿನ ಮೇಲೆ ಸುರಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಹಾಡಿನ ತಂಡದ ಹುಡುಗಿಯರಿಗೆ ನಾನೇ ಹೊಲಿದುಕೊಟ್ಟ ನೀಲಿ ಗೌನುಗಳು ಅವು. ವೇದಿಕೆಯ ಮೇಲೆ ಸಾಲಾಗಿ ನಿಂತಾಗ ಒಬ್ಬೊಬ್ಬಳ ಅಂಚೂ ಎಡಗಡೆಗೆ ಇಳಿದಿತ್ತಂತೆ.

"ಒಬ್ಬಳದ್ದಾಗಿದ್ರೆ ಸುಮ್ಮನಿರ್ತಿದ್ದೆ ಟೈಲರಮ್ಮ. ಎಲ್ಲರದ್ದೂ ಒಂದೇ ಕಡೆ. ಜನ ಹಾಡು ಬಿಟ್ಟು ಕಾಲೇ ನೋಡ್ತಿದ್ರು."

"ನಿಮ್ಮ ವೇದಿಕೆನೇ ಸೊಟ್ಟಗಿರಬೇಕು," ಎಂದೆ. ಅವರು ಮೂಗು ಮುರಿದು ಹೊರಟುಹೋದರು.

ನಾನು ಕಣ್ಣಂದಾಜಿನಲ್ಲಿ ಅಂಚು ಹಾಕುವವಳಲ್ಲ. ಹುಡುಗಿಯನ್ನು ಕನ್ನಡಿಯೆದುರು ನಿಲ್ಲಿಸಿ, ನೆಲಕ್ಕೆ ಅಳತೆಕೋಲು ಊರಿ, ಸುತ್ತಲೂ ಒಂದೇ ಎತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಅಮ್ಮ ಕಲಿಸಿದ ಕ್ರಮ ಅದು. ಬಟ್ಟೆ ಮೋಸ ಮಾಡಬಹುದು, ಸೊಂಟ ಮೋಸ ಮಾಡಬಹುದು, ನೆಲ ಮಾತ್ರ ಮಾಡುವುದಿಲ್ಲ ಎನ್ನುತ್ತಿದ್ದಳು.

ಒಂದು ಗೌನನ್ನು ಕನ್ನಡಿಯೆದುರಿನ ಗೊಂಬೆಗೆ ತೊಡಿಸಿ ಕೋಲು ಹಿಡಿದೆ. ಸುತ್ತಲೂ ಸರಿಯಾಗಿತ್ತು. ನೋಡು ಮತ್ತೆ, ಎಂದುಕೊಂಡೆ. ಆಮೇಲೆ ಅದನ್ನೇ ಬಿಚ್ಚಿ ನಡುಮಧ್ಯೆ ಮಡಚಿದೆ. ಎಡಭಾಗ ಒಂದು ಬೆರಳಗಲ ಉದ್ದವಿತ್ತು. ಇನ್ನೊಂದನ್ನು ಮಡಚಿದೆ, ಅದೂ ಹಾಗೇ.

ಕನ್ನಡಿಗೆ ಮುಖ ಮಾಡಿ ನಿಂತರೆ ಎಡಗಡೆ ಇರುವುದು ಅತ್ತೆಯ ಕೋಣೆ. ಅದರ ಗೋಡೆಯಾಚೆ ಒಂದಿಷ್ಟು ಹುಲ್ಲು, ಹುಲ್ಲಿನಾಚೆ ಕಡಿದಾದ ದರೆ, ದರೆಯ ಬುಡದಲ್ಲಿ ಕಡಲು. ಮೋಸ ಬಟ್ಟೆಯದ್ದಲ್ಲ, ನೆಲದ್ದೇ ಇರಬೇಕು ಎನಿಸಿತು.

ಒಂದು ಚೆಂಬು ನೀರು ತಂದು ನೆಲಕ್ಕೆ ಸುರಿದೆ. ನೀರು ಹರಡಲಿಲ್ಲ. ಒಂದೇ ಗೆರೆಯಾಗಿ ಓಡಿ, ಅತ್ತೆಯ ಬಾಗಿಲಡಿ ನುಸುಳಿತು.

"ಯಾರೇ ಅದು ನೀರು ಚೆಲ್ಲಿದ್ದು?" ಒಳಗಿನಿಂದ ಅತ್ತೆಯ ಧ್ವನಿ. ಊಟ ಮಾಡಿ ಚಿಲಕ ಹಾಕಿಕೊಂಡು ಮಲಗುವುದು ಅವರ ಅಭ್ಯಾಸ.

"ಅತ್ತೆ, ಎದ್ದು ಈಚೆ ಬನ್ನಿ. ನೆಲ ನಿಮ್ಮ ಕಡೆ ಇಳೀತಾ ಇದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಟೀಚರಮ್ಮ ಬೈದದ್ದು ನಂಗೂ ಕೇಳಿಸ್ತು."

ಬೇರೆ ದಿನವಾಗಿದ್ದರೆ ನಾನೂ ಒಂದಕ್ಕೆರಡು ಕೊಡುತ್ತಿದ್ದೆ. ನಾವಿಬ್ಬರೂ ಹಾವು ಮುಂಗುಸಿ ಎಂದು ಬೀದಿಗೆಲ್ಲ ಗೊತ್ತು. ಈಗ ಬಾಗಿಲು ಬಡಿದೆ. "ನಿಮ್ಮ ಕಾಲಿಗೆ ಬೀಳ್ತೀನಿ, ಚಿಲಕ ತೆಗೀರಿ," ಎಂದೆ.

ಕಾಲಿಗೆ ಬೀಳುವ ಮಾತು ಕೇಳಿ ಅತ್ತೆಗೆ ದಿಗಿಲಾಗಿರಬೇಕು. ಚಿಲಕ ಸರಿದ ಸದ್ದಾಯಿತು. ಅವರು ಎಳೆದರು, ನಾನು ಭುಜ ಕೊಟ್ಟು ದೂಡಿದೆ. ಬಾಗಿಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಕೋಣೆಗೆ ಇನ್ನಿರುವುದು ಒಂದೇ ಕಿಟಕಿ. ಅದಕ್ಕೆ ಕಬ್ಬಿಣದ ಸರಳು, ಅದು ತೆರೆಯುವುದೂ ದರೆಯ ಕಡೆಗೆ.

ಬೀದಿಗೆ ಓಡಿದೆ. ನನ್ನ ಗಂಡ ಬಡಗಿ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಕಂಡರೆ ಅನ್ನ ಸೇರದ ಮನುಷ್ಯ, ಅದಕ್ಕೇ ಎಲ್ಲರೂ ಮಿಲಿಮೀಟರ್ ಎಂದು ಕರೆಯುತ್ತಾರೆ. ಕೆಲವು ವಾರಗಳಿಂದ ನಮ್ಮ ಬೀದಿಯ ಬಾಗಿಲುಗಳೆಲ್ಲ ಬಿಗಿಯಾಗುತ್ತಿದ್ದವು. ಇವರು ಮರ ಹೆರೆಯುವ ಹತ್ತರಿ ಹಿಡಿದು ಮನೆಯಿಂದ ಮನೆಗೆ ಹೋಗಿ, ಒಂದೊಂದನ್ನೂ ನುಣ್ಣಗೆ ಮಾಡಿಕೊಟ್ಟು ಬರುತ್ತಿದ್ದರು. ತೇವಕ್ಕೆ ಮರ ಉಬ್ಬಿದೆ ಎಂದು ಅವರು ಹೇಳಿದ್ದನ್ನು ನಾನೂ ನಂಬಿದ್ದೆ. ಮಳೆ ಬಂದು ಎಷ್ಟು ಕಾಲವಾಯಿತು ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಎದುರಿನ ಬೇಕರಿಯವನ ಬಾಗಿಲು ಹೆರೆದು ಮುಗಿಸಿ ಹೊರಡುತ್ತಿದ್ದಾಗ ಸಿಕ್ಕರು. "ನಿಮ್ಮಮ್ಮನ ಬಾಗಿಲು ಹಿಡ್ಕೊಂಡಿದೆ ರೀ," ಎಂದೆ. ನಗುತ್ತಾ ಬಂದು, ಬಾಗಿಲ ಮುಂದೆ ಮಂಡಿಯೂರಿ ಹತ್ತರಿ ತೆಗೆದರು.

"ಕೆರೀಬೇಡಿ, ಒಡೀರಿ."

"ಅಪ್ಪ ಮಾಡಿದ ಬಾಗಿಲು ಕಣೇ ಇದು."

"ನೀರು ಹರಿದಿದ್ದು ನೋಡಿ. ಇದು ಮರ ಉಬ್ಬಿದ್ದಲ್ಲ. ಮನೆ ಜಾರ್ತಾ ಇದೆ."

ಅವರು ಒದ್ದೆ ಗೆರೆಯನ್ನು ನೋಡಿದರು. ಆಮೇಲೆ ತಲೆಯೆತ್ತಿ ಚೌಕಟ್ಟಿನ ಮೇಲಿನ ಗೋಡೆ ನೋಡಿದರು. ಬೆಳಿಗ್ಗೆ ಇಲ್ಲದಿದ್ದ ಬಿರುಕೊಂದು ಅಲ್ಲಿ ಬಾಯಿ ಬಿಟ್ಟಿತ್ತು. ಹತ್ತರಿಯನ್ನು ಮೆಲ್ಲಗೆ ನೆಲಕ್ಕಿಟ್ಟರು. ನಮ್ಮ ಮದುವೆಯಾದಂದಿನಿಂದ ಅವರ ಮುಖ ಹಾಗೆ ಬಿಳಿಚಿದ್ದನ್ನು ನಾನು ಕಂಡಿರಲಿಲ್ಲ.

"ಬಾಗಿಲೇ ಈಗ ಆ ಗೋಡೆ ಹೊತ್ಕೊಂಡಿರೋದು," ಎಂದರು. "ಒಂದು ಸಿಪ್ಪೆ ಕೆರೆದ್ರೂ ಕೂತುಬಿಡುತ್ತೆ. ಒಡೆದ್ರಂತೂ ಮುಗೀತು."

ಒಳಗಿನಿಂದ ಅತ್ತೆ ಕೇಳಿದರು. "ಮಗಾ, ನೆಲದಡಿ ಯಾರೋ ಹಲ್ಲು ಕಡಿಯೋ ಹಾಗೆ ಸದ್ದು ಬರ್ತಾ ಇದೆ. ಏನದು?" ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು.

"ಏನಿಲ್ಲಮ್ಮ. ಬಾಗಿಲ ಹತ್ರ ಕೂತ್ಕೋ."

ಚೌಕಟ್ಟನ್ನೂ ಭಾರ ಹೊತ್ತ ನೇರ ಪಟ್ಟಿಗಳನ್ನೂ ಮುಟ್ಟದೆ, ಕೆಳಗಿನ ಹಲಗೆಯೊಂದನ್ನೇ ಉಳಿಯಿಂದ ಬಿಡಿಸತೊಡಗಿದರು. ಸುತ್ತಿಗೆ ಬಳಸುವಂತಿರಲಿಲ್ಲ. ಅಂಗೈಯಿಂದ ಗುದ್ದಿ ಗುದ್ದಿ ಕೈ ಊದಿತು. ಪ್ರತಿ ಗುದ್ದಿಗೂ ಮೇಲಿನಿಂದ ಸುಣ್ಣ ನಮ್ಮ ತಲೆಯ ಮೇಲೆ ಉದುರುತ್ತಿತ್ತು. ನಾನು ಗೋಡೆಯನ್ನು ನೋಡಬಾರದೆಂದು ಅವರ ಬೆರಳುಗಳನ್ನೇ ನೋಡುತ್ತಾ ಕುಳಿತೆ.

ಹಲಗೆ ಬಂತು. ಆ ಕಿಂಡಿಯಲ್ಲಿ ಮೊದಲು ಅತ್ತೆಯ ಕೈ, ಆಮೇಲೆ ತಲೆ, ಆಮೇಲೆ ಭುಜ ಬಂತು. ಸೊಂಟಕ್ಕೆ ಬಂದಾಗ ಸಿಕ್ಕಿಕೊಂಡರು.

"ಬಟ್ಟೆ ದಪ್ಪ ಆಯ್ತು," ಎಂದರು ಅತ್ತೆ, ಉಸಿರು ಕಟ್ಟಿ. "ನೀನೇ ಹೊಲಿದಿದ್ದು. ನೆರಿಗೆ ಜಾಸ್ತಿ ಇಡು ಅಂತ ನಾನೇ ಜಗಳ ಆಡಿದ್ದೆ."

ಕತ್ತರಿ ತಂದು ಅವರ ಬೆನ್ನಗುಂಟ ಬಟ್ಟೆ ಸೀಳಿದೆ. ಅವಸರದಲ್ಲಿ ಒಂದು ಕಡೆ ಚರ್ಮಕ್ಕೂ ತಾಗಿತು. ಒಬ್ಬೊಬ್ಬರು ಒಂದೊಂದು ಕಂಕುಳು ಹಿಡಿದು ಎಳೆದೆವು. ನೀಲಿ ಗೌನೊಂದನ್ನು ಅವರ ಹೆಗಲಿಗೆ ಹೊದಿಸಿ, ಹೊತ್ತುಕೊಂಡೇ ಬೀದಿಗೆ ಬಂದೆವು.

ಹಿಂದಿನಿಂದ ದೊಡ್ಡ ಸದ್ದೇನೂ ಬರಲಿಲ್ಲ. ಮೂಟೆಯಿಂದ ಧಾನ್ಯ ಸುರಿದ ಹಾಗೆ ಒಂದು ಸರಸರ, ಆಮೇಲೆ ಧೂಳು. ತಿರುಗಿ ನೋಡಿದರೆ ನಮ್ಮ ಮುಂಬಾಗಿಲಿನೊಳಗಿಂದ ಬೆಳಕು ಕಾಣುತ್ತಿತ್ತು. ಅತ್ತೆಯ ಕೋಣೆಯಿದ್ದಲ್ಲಿ ಕಡಲಿತ್ತು. ಅತ್ತೆ ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದರು, ನಾನೂ ಬಿಡಲಿಲ್ಲ.

ನನ್ನ ಗಂಡ ಮಾತ್ರ ಮನೆಯ ಕಡೆ ನೋಡುತ್ತಿರಲಿಲ್ಲ. ಬೀದಿಯ ಎರಡೂ ಬದಿಯ ಬಾಗಿಲುಗಳನ್ನು ನೋಡುತ್ತಾ ನಿಂತಿದ್ದರು. ಊಟದ ನಂತರದ ಹೊತ್ತು, ಎಲ್ಲ ಮನೆಗಳಲ್ಲೂ ಜನ ಮಲಗಿದ್ದರು.

"ಎಲ್ಲಾ ನಾನೇ ಕೆರೆದಿದ್ದೀನಿ ಕಣೇ," ಎಂದರು. "ಒಂದು ಬಾಗಿಲಾದ್ರೂ ಗೋಡೆ ಹೊತ್ಕೊಂಡು ನಿಂತಿಲ್ಲ."

ಮರುಕ್ಷಣ ಓಡಿದರು. ಊದಿದ ಕೈಯಿಂದಲೇ ಮೊದಲ ಬಾಗಿಲು ಬಡಿದರು, ಎರಡನೆಯದು ಬಡಿದರು, ಹೊರಗೆ ಬನ್ನಿ ಎಂದು ಕೂಗುತ್ತಾ ಮುಂದಿನದಕ್ಕೆ ಹೋದರು. ಬೇಕರಿಯವನು ಮೊದಲು ಹೊರಗೆ ಬಂದ. ನಿದ್ದೆಗಣ್ಣು, ಅಂಗಿಯ ಗುಂಡಿ ಹಾಕಿರಲಿಲ್ಲ, ಹೆಂಡತಿ ಮಕ್ಕಳು ಇನ್ನೂ ಒಳಗೇ ಇದ್ದರು. ಒಂದು ಬೆರಳಲ್ಲಿ ಬಾಗಿಲನ್ನು ಮುಂದೆ ಹಿಂದೆ ಆಡಿಸಿ ತೋರಿಸಿದ.

"ಯಾಕೆ ಮಿಲಿಮೀಟರ್, ಇಷ್ಟು ಗಾಬರಿ?" ಎಂದ, ನಗುತ್ತಾ. "ನೋಡು, ಬೆಣ್ಣೆ ಹಾಗೆ ತೆರೀತಾ ಇದೆ."