ಎರಡೂ ಕಡೆ ಮಿಣುಕಿದ ಟ್ರಾಲಿ

ಚಿನಕುರಳಿಯ ದೇವರಾಜು ಪಿಕಪ್ಪಿನ ಹಿಂದೆ ಜನರೇಟರ್ ಟ್ರಾಲಿ ಕಟ್ಟಿಕೊಂಡು ಮದುವೆ ಮನೆಗಳಿಗೆ ಕರೆಂಟು ಕೊಡುವವನು. ಟ್ರಾಲಿ ಹಳೇದು. ಅದರ ಮೊದಲ ಒಡೆಯ ತೀರಿಹೋಗಿದ್ದ. ಆ ಮಾತು ಹೆಂಡತಿ ಮಂಚಮ್ಮನ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತ್ತು.

ಒಂದು ಸಂಜೆ ಅವಳು ಅಂಗಳ ಗುಡಿಸುತ್ತಿದ್ದಳು. ಗಂಡ ಪಿಕಪ್ಪಿನಲ್ಲಿ ಕೂತು ಬ್ರೇಕ್ ಒತ್ತಿದ. ಟ್ರಾಲಿಯ ಕೆಂಪು ದೀಪ ಸರಿಯಾಗಿ ಹತ್ತಲಿಲ್ಲ. ಯಾರೂ ಹಾಕದ ಹಳದಿ ಸಿಗ್ನಲ್ ದೀಪಗಳು ನಿದ್ದೆಗಣ್ಣು ಬಿಟ್ಟಂತೆ ಮಂಕಾಗಿ ತೆರೆದುಕೊಂಡವು. ಬ್ರೇಕ್ ಬಿಟ್ಟ. ಮುಚ್ಚಿಕೊಂಡವು.

ಮಂಚಮ್ಮ ಪೊರಕೆ ಬಿಟ್ಟು ಗಾಡಿ ಹತ್ತಿರ ಓಡಿದಳು. "ರೀ, ಅದ್ರಲ್ಲಿ ಏನೋ ಐತೆ. ಸತ್ತೋನು ಇನ್ನೂ ಬುಟ್ಟೋಗಿಲ್ಲ."

"ಸುಮ್ಕಿರಮ್ಮಿ. ಯಾವ್ದೋ ಒಂದು ದೀಪ ಹತ್ತಿದ್ರೆ ಸಾಕು."

ಮಾರನೇ ದಿನ ಬೆಳಗ್ಗೆ ಇಬ್ಬರೂ ಟ್ರಾಲಿ ಕಟ್ಟಿಕೊಂಡು ಗಂಜಾಂಗೆ ಹೊರಟರು. ನಾಲೆ ಏರಿಯ ಮೇಲೆ ದಟ್ಟ ಮಂಜು. ಹಿಂದೆ ಒಂದು ಬೈಕಿನ ಸದ್ದು. ಸೇತುವೆ ಬಂತು. ದೇವರಾಜು ಬಲಕ್ಕೆ ಸಿಗ್ನಲ್ ಹಾಕಿ ತಿರುಗಿಸಿದ. ಕಿರ್ರನೆ ಏನೋ ಉಜ್ಜಿತು. ಆಮೇಲೆ ಬೈಕಿನ ಸದ್ದೇ ಇಲ್ಲ.

ಇಳಿದು ನೋಡಿದರೆ ರಸ್ತೆ ಖಾಲಿ. ಮಂಜಿನೊಳಗೆ ಟ್ರಾಲಿಯ ಹಳದಿ ದೀಪಗಳು ಎರಡೂ ಕಡೆ ಮಿಣುಕುತ್ತಿದ್ದವು. ಮಂಚಮ್ಮ ಗಂಡನ ಹಿಂದೆ ಸರಿದಳು. ಅಷ್ಟರಲ್ಲಿ ನಾಲೆಯೊಳಗಿಂದ ಒಂದು ದನಿ: "ಅಣ್ಣೋ... ಕೈ ಕೊಡಿ."

ಬೈಕಿನವನು, ಪಕ್ಕದೂರಿನ ಕರಿಯಪ್ಪ. ಎದೆಮಟ್ಟ ನೀರಿನಲ್ಲಿ ಜೊಂಡು ಹಿಡಿದು ನಿಂತಿದ್ದ. ಎಳೆದು ಮೇಲೆ ತಂದರು.

"ಎರಡೂ ಕಡೆ ಮಿಣುಕ್ತಿತ್ತು. ನೇರ ಹೋಗ್ತಾವ್ರೆ ಅಂದ್ಕೊಂಡು ಬಲಗಡೆಯಿಂದ ನುಗ್ಬುಟ್ಟೆ," ಎಂದ. ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕಿದರು. ಜೀವ ಉಳಿಯಿತು.

ಅವತ್ತೇ ಗಾಡಿ ಪಾಂಡವಪುರಕ್ಕೆ ಹೋಯಿತು. ಕಮ್ಮಾರ ಸುಬ್ರಹ್ಮಣ್ಯನ ಮಗಳು ಭೂಮಿಕ ಅಲ್ಲಿ ವೈರಿಂಗ್ ಕೆಲಸ ಮಾಡುತ್ತಾಳೆ. ಪಿಕಪ್ಪಿಗೂ ಟ್ರಾಲಿಗೂ ನಡುವಿನ ಪ್ಲಗ್ಗು ಕಿತ್ತು ತೋರಿಸಿದಳು. ಪಿನ್ನುಗಳ ತುಂಬ ಹಸಿರು ಕಿಲುಬು. ಅರ್ತ್ ವೈರಿನ ತುದಿ ತುಕ್ಕಿನಲ್ಲಿ ಕಳಚಿ ನೇತಾಡುತ್ತಿತ್ತು.

"ನೋಡು ಮಂಚಕ್ಕ. ದೀಪಕ್ಕೆ ಬಂದ ಕರೆಂಟು ವಾಪಸ್ ಹೋಗೋ ದಾರಿ ಈ ಅರ್ತ್ ವೈರು. ಇದು ಕೆಟ್ರೆ ಕರೆಂಟು ಪಕ್ಕದ ದೀಪದೊಳಕ್ಕೆ ನುಗ್ಗಿ ದಾರಿ ಹುಡುಕ್ತದೆ. ಅದಕ್ಕೇ ಇಂಗಾಯ್ತು."

"ಟ್ರಾಲಿ ಸಿಕ್ಕಿಸೋ ಕೊಕ್ಕೆ ಕಬ್ಬಿಣದ್ದು ತಾನೆ? ಅದ್ರಲ್ಲೇ ಹೋಗಲ್ವಾ?" ಅಂದ ದೇವರಾಜು.

"ಅದು ಅಲ್ಲಾಡ್ತಿರ್ತದೆ, ಗ್ರೀಸು ಬೇರೆ. ಅದ ನೆಚ್ಕೋಬೇಡಣ್ಣ."

ತುಕ್ಕು ಉಜ್ಜಿದಳು. ಹೊಸ ಪ್ಲಗ್ಗು, ದಪ್ಪನೆಯ ಬೇರೆ ಅರ್ತ್ ವೈರು ಹಾಕಿದಳು. ಮಂಚಮ್ಮ ಹೆದರುತ್ತಲೇ ಟ್ರಾಲಿ ಹಿಂದೆ ನಿಂತಳು. ದೇವರಾಜು ಬಲಕ್ಕೆ ಸಿಗ್ನಲ್ ಹಾಕಿದರೆ ಬಲದ್ದೊಂದೇ ಮಿಣುಕಿತು. ಬ್ರೇಕಿಗೆ ಕೆಂಪು, ಕೆಂಡದ ಹಾಗೆ.

"ಅಯ್ಯೋ, ಪಾಪ ಸತ್ತೋನ್ ಮೇಲೆ ಹೊರಿಸ್ಬುಟ್ನಲ್ಲ," ಅಂದಳು.

"ತಪ್ಪು ನಂದು ಕಣಮ್ಮಿ," ಅಂದ ದೇವರಾಜು. ಈಗ ಹೆಂಡತಿ ಹಿಂದೆ ನಿಂತು "ಸರಿ" ಅನ್ನದೆ ಅವನು ಗಾಡಿ ತೆಗೆಯುವುದಿಲ್ಲ.

ಟ್ರಾಲಿ ಎಳೆಯುವ ಅಣ್ಣತಮ್ಮಂದಿರೇ, ಹೊರಡುವ ಮುಂಚೆ ಒಬ್ಬರನ್ನು ಹಿಂದೆ ನಿಲ್ಲಿಸಿ ಒಂದೊಂದೇ ದೀಪ ಹಾಕಿ ನೋಡಿ. ಪ್ಲಗ್ಗು ಬಿಚ್ಚಿ ಕಿಲುಬು ಒರೆಸಿ. ದೀಪ ಮಂಕಾದರೆ ಮೊದಲು ಅರ್ತ್ ನೋಡಿಸಿ. ಹಿಂದೆ ಬರುವವನು ನಿಮ್ಮ ಮನಸ್ಸು ಓದಲಾರ. ನಿಮ್ಮ ದೀಪ ನಂಬಿಯೇ ಅವನು ಮುಂದಕ್ಕೆ ಬರುತ್ತಾನೆ.