ಕರಿಯಾನ ಅರ್ಧ ರೊಟ್ಟಿ

ಟಪ್, ಟಪ್, ಟಪ್ — ರೊಟ್ಟಿ ಬಡಿಯುತ್ತಿದ್ದಾಳೆ ಲಗಮವ್ವ, ಒಳಗೆ, ಬಡಿಯುತ್ತಲೇ ಇದ್ದಾಳೆ, ನಾನಿಲ್ಲಿ ಅವಳ ಅಂಗಳದ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದೇನೆ, ಗಲಗಲಿಯ ಹೊಳೆಗಾಳಿ ಬೆವರಿಗೆ ತಾಕಿ ಹಿತವಾಗುತ್ತಿದೆ, ಹಿತವೆಂದರೆ ಹಿತವೇ, ನಾಚಿಕೆಯಿಲ್ಲದವಳು ನಾನು, ಇಂಥ ಮಾತು ಹೇಳಿ ಕೂತ ಮೇಲೂ ಗಾಳಿ ಹಿತ ಅನಿಸುತ್ತದಲ್ಲ — ಹೇಳಿದೆ, ಹೇಳಿಬಿಟ್ಟೆ, ಹನ್ನೊಂದು ವರ್ಷ ಬಾಯೊಳಗೆ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ, ಲಗಮವ್ವಾ, ನಿನ್ನ ಮೂರು ಕುರಿಮರಿ ಕೊಂದಿದ್ದು ನಿನ್ನ ನಾಯಿ ಕರಿಯಾ ಅಲ್ಲ, ನಮ್ಮ ರಾಣಿ, ನಾ ಕಣ್ಣಾರೆ ನೋಡೇನಿ, ನೋಡಿ ಮುಚ್ಚಿಟ್ಟೇನಿ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು, ಜೋಳದೊಳಗಿನ ಒಂದು ಹರಳು ಹೆಕ್ಕಿ ದೂರ ಎಸೆದಳು, ಹಂಗಾರ ನನ್ನ ಕರಿಯಾ ಏನೂ ಮಾಡಿಲ್ಲ, ಅಂದಳು, ನನಗಲ್ಲ, ಮೊರದ ಜೋಳಕ್ಕೆ ಹೇಳಿದ ಹಾಗೆ. ಏನೂ ಮಾಡಿಲ್ಲ ಯಕ್ಕಾ. ಆಮೇಲೆ ಒಂದೇ ಮಾತು ಕೇಳಿದಳು, ಅವತ್ತ ರೊಟ್ಟಿ ತೋರಿಸಿ ಅವನ್ನ ಕರದೆಲ್ಲಾ, ಅದನ್ನರ ತಿಂದನೇನು? ಅರ್ಧಾ ತಿಂದಿದ್ದ, ಅಂದೆ. ಎದ್ದು ಒಳಗೆ ಹೋದಳು. ಬೈಯಲಿಲ್ಲ. ಲಗಮವ್ವ ಬೈಯಲಿಲ್ಲ ಅಂದರೆ ನಂಬುವವರು ಯಾರು, ಬೈಯುವುದರಲ್ಲಿ ಬೀಳಗಿ ತಾಲೂಕಿನಲ್ಲಿ ಅವಳಿಗೆ ಜೋಡಿಯಿಲ್ಲ, ನಾನು ಮುಧೋಳದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವಳ ಬೈಗುಳಗಳನ್ನೇ ಒಂದೊಂದಾಗಿ ಎಣಿಸಿಕೊಂಡು, ಇದನ್ನೂ ತಡೆದುಕೋ ಸಿದ್ದಕ್ಕಾ, ಇದನ್ನೂ ತಡೆದುಕೋ ಅಂತ ತಯಾರಾಗಿ ಬಂದಿದ್ದೆ. ಈಗ ಬರೀ ಟಪ್ ಟಪ್. ಹೊಡೆಸಿಕೊಳ್ಳಲು ಬೆನ್ನು ಕೊಟ್ಟು ಕೂತಿದ್ದೇನೆ, ಹೊಡೆಯುವವಳು ರೊಟ್ಟಿಯನ್ನು ಹೊಡೆಯುತ್ತಿದ್ದಾಳೆ.

ಅವತ್ತೂ ಹೀಗೇ ಬೆಳಗಿನ ಹೊತ್ತು, ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ, ಬೀಳಗಿಯ ಆಚೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದೆವು, ನಮ್ಮ ಹಿಂಡು, ಲಗಮವ್ವನ ಹಿಂಡು, ಎರಡೂ ಅಕ್ಕಪಕ್ಕದ ಬಲೆಬೇಲಿಯಲ್ಲಿ, ನಾನು ನೀರಿಗೆಂದು ಎದ್ದರೆ ಎದುರಿಗೆ ರಾಣಿ — ಮುಧೋಳದ ತಳಿ, ಬಿಳೀ ಮೈ, ಕಡ್ಡಿಯಂಥ ಕಾಲು, ನನ್ನ ಗಂಡ ಸಿದರಾಯನಿಗೆ ಹೆಂಡತಿಗಿಂತ ಒಂದು ಗುಲಗಂಜಿ ಹೆಚ್ಚು — ಮೂತಿಯೆಲ್ಲ ಕೆಂಪು, ಹಲ್ಲಿನ ಸಂದಿಯಲ್ಲಿ ಎಳೆಮರಿಯ ಉಣ್ಣೆ. ನಮ್ಮ ಕುರಿಗಾರರ ಕಟ್ಟಳೆ ನನಗೆ ಗೊತ್ತಿಲ್ಲವೇ, ಮರಿಯ ರಕ್ತದ ರುಚಿ ಕಂಡ ನಾಯಿಯನ್ನು ಉಳಿಸುವ ಹಾಗಿಲ್ಲ, ಹಿರಿಯ ಕೂತು ಎಲ್ಲ ನಾಯಿಗಳ ಬಾಯಿ ತೆರೆದು ನೋಡುತ್ತಾನೆ, ಹಲ್ಲು ನೋಡಿ ತೀರ್ಪು. ರಾಣಿ ಗಬ್ಬಾಗಿದ್ದಳು, ಹೊಟ್ಟೆ ಜೋತಿತ್ತು, ನಾನು ಕೊಡದ ನೀರಿನಲ್ಲಿ ಅವಳ ಬಾಯಿ ತೊಳೆದೆ, ಸೆರಗಿನ ತುದಿಯಿಂದ ಒಂದೊಂದೇ ಹಲ್ಲು ಒರೆಸಿದೆ, ಯಾವ ನಾಯಿಯ ಬಾಯಲ್ಲೂ ಏನೂ ಸಿಗದಿದ್ದರೆ ತೋಳ ಬಂದಿತ್ತು ಅಂದುಕೊಂಡು ಬಿಟ್ಟುಬಿಡುತ್ತಾರೆ, ಅಷ್ಟೇ ನನ್ನ ಲೆಕ್ಕ, ದೇವರಾಣೆ ಅಷ್ಟೇ. ಕರಿಯಾ ಆ ಸತ್ತ ಮರಿಗಳ ಪಕ್ಕ ಮಲಗಿ ಗಾಯ ನೆಕ್ಕುತ್ತಾನೆ ಅಂತ ನನಗೇನು ಗೊತ್ತು, ಪೆದ್ದ, ತನ್ನ ಒಡತಿಯ ಮರಿ ಎದ್ದೇಳಲಿ ಅಂತ ನೆಕ್ಕಿದ್ದ, ಚನಮಲ್ಲಪ್ಪ ಹಿರಿಯ ಅವನ ದವಡೆ ತೆರೆದು ನೋಡಿದ, ಕೆಂಪಗಿತ್ತು, ಮುಗಿಯಿತು. ಹಗ್ಗ ಕಂಡು ಕರಿಯಾ ಜೋಳದ ಕೂಳೆಯ ಕಡೆ ಓಡಿದ, ಗಂಡಸರು ಯಾರು ಕರೆದರೂ ಬರಲಿಲ್ಲ, ಸಿದ್ದಕ್ಕಾ, ನೀ ಕರೀ ಬೇ, ನಿನ್ನ ಮಾತ ಕೇಳ್ತೈತಿ ಅದು. ಕೇಳುತ್ತಿತ್ತು, ದಿನಾ ರಾಣಿಯ ಜೊತೆ ಅವನಿಗೂ ಚೂರು ಹಾಕುತ್ತಿದ್ದೆ. ಹಾಲಲ್ಲಿ ನೆನೆಸಿದ ರೊಟ್ಟಿ ಕೈಯಲ್ಲಿ ಹಿಡಿದೆ, ಬಾ ಕರಿಯಾ, ತಿನ್ನು. ಬಂದ. ಬಂದು, ತಿನ್ನುವ ಮೊದಲು ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದ, ಬಾಲ ಆಡಿಸುತ್ತಿದ್ದ. ಅರ್ಧಕ್ಕೆ ಹಗ್ಗ ಬಿತ್ತು. ಲಗಮವ್ವ ಆಚೆ ತಿರುಗಿ ಕಂಬಳಿ ಮುಸುಕು ಹಾಕಿಕೊಂಡು ಕೂತು, ಉಂಡ ಮನಿಗೆ ದ್ರೋಹ ಮಾಡ್ಯಾನ, ಸಾಯ್ಲಿ, ಸಾಯ್ಲಿ ಅಂತ ಕೂಗುತ್ತಿದ್ದಳು, ಆಮೇಲೆ ಅವಳು ನಾಯಿಯನ್ನೇ ಸಾಕಲಿಲ್ಲ, ಈ ಅಂಗಳದಲ್ಲಿ ನೋಡು, ಎರಡು ಎಮ್ಮೆ, ಒಂದು ಕೋಳಿಗೂಡು, ನಾಯಿಯಿಲ್ಲ.

ಚರ್ಚಿಗೆ ನಾನು ಪಾಪ ಕಳೆಯಲೆಂದು ಹೋದವಳಲ್ಲ, ಖರೆ ಹೇಳಬೇಕೆಂದರೆ ಕುರ್ಚಿಗಾಗಿ ಹೋದೆ, ಮುಧೋಳದ ಸಂತೆಯಲ್ಲಿ ಮಂಡಿ ಹಿಡಿದಿತ್ತು, ತಗಡಿನ ಶೆಡ್ಡಿನೊಳಗೆ ಹಾಡುತ್ತಿದ್ದರು, ಬರ್ರಿ ಕುಂದರ್ರಿ ಅಂದರು, ಕೂತೆ. ವೀರಣ್ಣ ಪಾಸ್ಟರ್ ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡ ಕತೆ ಹೇಳುತ್ತಿದ್ದರು, ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಲು ಹೋದನಂತೆ, ನನಗೆ ತಡೆಯಲಾಗಲಿಲ್ಲ, ಉಳಿದದ್ದನ್ನ ಯಾರ ಕಾದರ್ರಿ, ಅಂದೆ, ಎಲ್ಲರೂ ನಕ್ಕರು, ಪಾಸ್ಟರ್ ತಲೆ ಕೆರೆದುಕೊಂಡರು, ಬರೆದಿಲ್ಲವಂತೆ. ಬರೆಯದಿದ್ದರೇನು, ಅಲ್ಲೊಂದು ನಾಯಿ ಇದ್ದೇ ಇರಬೇಕು, ಕುರಿ ಕಾಯ್ದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಅವತ್ತಿನಿಂದ ಮೂರು ವರ್ಷ, ಒಂದು ಭಾನುವಾರ ತಪ್ಪಿಸಿಲ್ಲ, ಹಾಡಿದೆ, ಅತ್ತೆ, ನಕ್ಕೆ, ಮಂಡಿನೋವು ಹಾಗೇ ಇದೆ ಆದರೆ ಮನಸ್ಸು ಹಗುರಾಯಿತು, ಒಂದು ಕಡೆ ಬಿಟ್ಟು. ಹೋದ ಭಾನುವಾರ ಘಟಪ್ರಭೆಯಲ್ಲಿ ಸೊಂಟಮಟ ನಿಲ್ಲಿಸಿ ನನಗೆ ದೀಕ್ಷಾಸ್ನಾನ, ತಪ್ಪಿಲ್ಲದಾತ ನಿಮ್ಮ ತಪ್ಪಿಗಾಗಿ ಸತ್ತಾನಂತ ನಂಬತೀರೇನು ಅಂತ ಪಾಸ್ಟರ್ ಕೇಳಿದರು, ನನ್ನ ಮುಂದಿನವರೆಲ್ಲ ನಂಬತೇನ್ರಿ ನಂಬತೇನ್ರಿ ಅಂದರು, ನಾನು, ಗೊತ್ತೈತ್ರಿ, ಅಂದುಬಿಟ್ಟೆ. ದಂಡೆಯ ಮೇಲಿದ್ದವರು ಕಿಸಕ್ಕೆಂದರು. ಸಿದರಾಯ ಹಣೆ ಹಣೆ ಬಡಿದುಕೊಂಡ. ನೀರಿನೊಳಗೆ ಮುಳುಗಿದಾಗಲೂ ಕಣ್ಣು ಮುಚ್ಚಿದರೆ ಅವನೇ, ತಲೆಯೆತ್ತಿ, ಬಾಲ ಆಡಿಸುತ್ತ.

ಸೀರೆ ಹಿಂಡಿಕೊಂಡು ಪಾಸ್ಟರ್ ಮುಂದೆ ಎಲ್ಲ ಹೇಳಿದೆ. ಸಿದರಾಯ ಅಡ್ಡ ಬಂದ, ರಾಣಿ ಸತ್ತೇ ಆರ ವರ್ಷ ಆತು, ಎಲ್ಲಾ ತೊಳದ ಹೋತಲ್ಲ ಈಗ ನೀರಿನ್ಯಾಗ, ಮತ್ಯಾಕ ಕೆದರತಿ? ನನಗೂ ಆಸೆಯಿತ್ತು, ಪಾಸ್ಟರ್ ಹೂಂ ಅನ್ನಲಿ ಅಂತ. ಆ ಮನುಷ್ಯ ಹೂಂ ಅನ್ನಲಿಲ್ಲ, ಭಾರ ಆತ ಹೊತ್ತಾನ ಸಿದ್ದಕ್ಕಾ, ಅದು ಖರೆ, ಆದ್ರ ಹೇಳೋ ಬಾಯಿ ನಿಂದು, ಅದನ್ನ ಆತ ಹೊರೂದಿಲ್ಲ, ಅಂದರು. ನಾಲ್ಕು ದಿನ ಪಾಸ್ಟರ್ ಮೇಲೆ ಸಿಟ್ಟಾಗಿದ್ದೆ, ಕುರಿಯ ಬಗ್ಗೆ ಏನೂ ತಿಳಿಯದ ಮನುಷ್ಯ ನನ್ನ ಬಗ್ಗೆ ಇಷ್ಟು ತಿಳಿದುಕೊಂಡಿದ್ದಾನಲ್ಲ ಅಂತ. ಐದನೇ ದಿನ ಬಸ್ಸು ಹತ್ತಿದೆ. ಕ್ಷಮಿಸು ಅಂತ ಕೇಳಲು ಬಂದಿಲ್ಲ ನಾನು, ಅದು ಅವಳದ್ದು, ಕೊಟ್ಟರೆ ಕೊಟ್ಟಳು, ಇಲ್ಲದಿದ್ದರೆ ಇಲ್ಲ, ಕರಿಯಾನ ಹೆಸರನ್ನು ಅವನ ಮನೆಗೆ ತಂದು ಮುಟ್ಟಿಸಲು ಬಂದೆ, ಮುಟ್ಟಿಸಿದೆ, ಸಂತೋಷವಾಗಿದೆ, ಹೆದರಿಕೆಯೂ ಆಗಿದೆ, ಎರಡೂ ಒಂದೇ ಹೊಟ್ಟೆಯಲ್ಲಿ — ಟಪ್ ಟಪ್ ನಿಂತಿತು. ಹಂಚಿನ ಮೇಲೆ ಬೇಯುವ ವಾಸನೆ, ಸ್ವಲ್ಪ ಸೀದಿದೆ, ಅವಳು ಯಾವತ್ತೂ ರೊಟ್ಟಿ ಸೀಯಿಸಿದವಳಲ್ಲ, ಅಳುತ್ತಿದ್ದಾಳೆಯೇ, ಎದ್ದು ಹೋಗಲೇ, ಬೇಡ, ಕೂತಿರು. ಬಂದಳು. ಕೈಯಲ್ಲಿ ತಾಟು, ತಾಟಿನಲ್ಲಿ ಇಡೀ ಒಂದು ರೊಟ್ಟಿ, ಮೇಲೆ ಹಾಲು ಹುಯ್ದಿದ್ದಾಳೆ, ಹಾಲಲ್ಲಿ ನೆನೆಸಿದ್ದು ಅಂತ ನಾನು ಹೇಳಿದ್ದೆನೇ, ಹೇಳಿದ್ದೆ. ಕಣ್ಣು ಕೆಂಪಗಿವೆ, ಹೊಗೆಯೋ ಏನೋ. ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾಟು ಮುಂದೆ ಸರಿಸಿದಳು, ತಿನ್ನು ಸಿದ್ದಕ್ಕಾ, ಪೂರ್ತಿ ತಿನ್ನು. ಕೈ ರೊಟ್ಟಿಯ ತನಕ ಹೋಗಿ ನಿಂತಿದೆ, ನಾನು ತಲೆಯೆತ್ತಿ ಅವಳ ಮುಖ ನೋಡುತ್ತಿದ್ದೇನೆ — ಹೀಗೇ, ತಿನ್ನುವ ಮೊದಲು ಒಮ್ಮೆ, ಬಾಲ ಆಡಿಸುತ್ತ, ಅವನು ತಲೆಯೆತ್ತಿ ನನ್ನ ಮುಖ ನೋಡಿದ್ದ.