ಊದಿದ ಕೈಯ ಅಳತೆ

ಬೆಚ್ಚಗಿನ ಜೇನುಮೇಣದ ಮುದ್ದೆಯಲ್ಲಿ ಮೂಡಿದ ಅಪ್ಪನ ಮುಷ್ಟಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮೂರಲ್ಲಿ ರಿವಾಲ್ವರಿಗೆ ಮರದ ಹಿಡಿ ಮಾಡುತ್ತಿದ್ದವರು ಮೌನಾಚಾರಿ ಒಬ್ಬರೇ. ಮೇಣದ ಮುದ್ದೆಯನ್ನು ಬಿಗಿಯಾಗಿ ಹಿಡಿಸಿ ಅಳತೆ ತೆಗೆಯುತ್ತಿದ್ದರು. ಅಳತೆಪಟ್ಟಿಯಿಟ್ಟರೆ ಕೈಯ ಉದ್ದ ಸಿಕ್ಕೀತು, ಹಿಡಿತ ಸಿಗದು ಎನ್ನುತ್ತಿದ್ದರು.

ಅಪ್ಪ ಖಜಾನೆಯ ಕಾವಲುಗಾರ. ಆ ವರ್ಷ ಬಂದ ಹೊಸ ರಿವಾಲ್ವರುಗಳು ಭಾರಿ ಗುಂಡಿನವು. ಹಾರಿಸಿದರೆ ಹಿಂದಕ್ಕೆ ಒದೆಯುತ್ತಿದ್ದವು. ಅವುಗಳ ಹಿಡಿಯೋ ಸಣಕಲು. ಅಭ್ಯಾಸ ಮಾಡಿ ಮಾಡಿ ಅಪ್ಪನ ಹೆಬ್ಬೆರಳ ಬುಡ ಊದಿಕೊಂಡಿತು. ಪರೀಕ್ಷೆಯಲ್ಲಿ ಗುರಿ ತಪ್ಪಿದವನಿಗೆ ಕಾವಲಿನ ಕೆಲಸ ತಪ್ಪಿ ಕಡತ ಹೊರುವ ಕೆಲಸ ಎಂದು ಸಾಹೇಬರು ಹೇಳಿಬಿಟ್ಟಿದ್ದರು.

ಕೈತುಂಬ ಕೂರುವ ಹೊಸ ಹಿಡಿ ಮಾಡಿಸಲು ಅಪ್ಪ ಆಚಾರಿಗೆ ಅಳತೆ ಕೊಡಲು ಹೋದ ದಿನ ಆ ಸಾಹೇಬರೂ ಅಂಗಡಿಯಲ್ಲೇ ಕೂತಿದ್ದರು. ಆಚಾರಿ ಅಪ್ಪನ ಅಂಗೈಯನ್ನು ಒತ್ತಿ ನೋಡಿದರು.

"ಊದಿದಂಗೈತಲ್ಲೋ ಚಿಕ್ಕೀರ?"

ಅಪ್ಪ ಓರೆಗಣ್ಣಲ್ಲಿ ಸಾಹೇಬರನ್ನು ನೋಡಿದ. "ಊತ ಎಲ್ಲಿಂದ ಬಂತು? ನಮ್ಮ ವಂಶದ ಕೈಯೇ ದಪ್ಪ ಕಣೋ."

ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳುವುದರಲ್ಲಿ ನಮ್ಮಪ್ಪ ನಿಸ್ಸೀಮ.

ಬೀಟೆ ಮರದ ಹಿಡಿ ಸಿದ್ಧವಾದಾಗ ಊತ ಇನ್ನೂ ಇತ್ತು, ಅಂಗೈಗೆ ಅಂಟಿ ಕೂತಿತು. ಪರೀಕ್ಷೆಯವರೆಗೆ ಕೈಗೆ ಬಿಡುವು ಕೊಡೋಣವೆಂದು ಅಪ್ಪ ರಿವಾಲ್ವರ್ ಮುಟ್ಟಲಿಲ್ಲ. ಅಮ್ಮ ದಿನವೂ ಅರಿಸಿನ, ಸುಣ್ಣ ಕಲಸಿ ಪಟ್ಟು ಹಾಕಿದಳು. ಊತ ಪೂರ್ತಿ ಇಳಿಯಿತೆಂದು ನಾವೆಲ್ಲ ಹಿಗ್ಗಿದೆವು.

ಪರೀಕ್ಷೆಯಲ್ಲಿ ಗುಂಡು ಹಾರಿದೊಡನೆ ಹಿಡಿ ಅಂಗೈಯೊಳಗೆ ತಿರುಗಿತು. ಒಂದೂ ಗುರಿಗೆ ತಾಗಲಿಲ್ಲ.

"ನನ್ನ ಗುರಿ ತಪ್ಪಿಲ್ಲ ಸ್ವಾಮಿ," ಎಂದ ಅಪ್ಪ. "ಹಿಡಿ ಸರಿಯಿಲ್ಲ. ಆಚಾರಿಗೆ ವಯಸ್ಸಾಯ್ತು."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ರಿವಾಲ್ವರಿನ ಹಳೆಯ ಹಿಡಿ ಹಾಕಿಸಿ ಇನ್ನೊಂದು ಅವಕಾಶ ಕೊಟ್ಟರು, ಈ ಸಲ ಗುರಿ ತಾಗಿ ಕೆಲಸ ಉಳಿಯಿತು. ಆದರೆ ಖಜಾನೆಯವರು ಆಚಾರಿಯ ಅಂಗಡಿಗೆ ಹೋಗುವುದನ್ನು ಬಿಟ್ಟರು. ಅವರನ್ನು ನೋಡಿ ಉಳಿದವರೂ ಬಿಟ್ಟರು.

"ಅಳತೆ ಕೊಟ್ಟೋರು ನೀವು, ಊತ ಇಳಿಸಿದೋಳು ನಾನು," ಎಂದು ಅಮ್ಮ ಅತ್ತಳು. "ಆಚಾರಪ್ಪ ಏನು ಮಾಡಿದ್ರು ಪಾಪ? ಹೋಗಿ ಹೇಳ್ಬನ್ನಿ."

ನಾಳೆ ನಾಡಿದ್ದು ಎನ್ನುತ್ತಲೇ ಅಪ್ಪ ಮಳೆಗಾಲ ಕಳೆದ. ಕೊನೆಗೆ ಹೊರಟಾಗ ನನ್ನನ್ನೂ ಜೊತೆಗೆ ಕರೆದ; ಒಬ್ಬನೇ ಹೋಗಲು ಅವನಿಗೆ ಮುಖವಿರಲಿಲ್ಲ. ಆಚಾರಿ ಕುಡುಗೋಲಿಗೆ ಹಿಡಿ ಕೂರಿಸುತ್ತಿದ್ದರು. ಅಪ್ಪ ನಡೆದದ್ದನ್ನೆಲ್ಲ ಹೇಳಿದ. ಆಚಾರಿ ಸಿಟ್ಟಾಗಲಿಲ್ಲ. ಗೂಡಿನಿಂದ ಆ ಮೇಣದ ಮುದ್ದೆ ತೆಗೆದು ಅಪ್ಪನ ಕೈಗಿಟ್ಟರು. ಅಪ್ಪ ಬಿಗಿಯಾಗಿ ಹಿಡಿದ. ಹೆಬ್ಬೆರಳ ಬುಡದ ತಗ್ಗು ತುಂಬಲೇ ಇಲ್ಲ.

"ಊದೈತೆ ಅಂತ ನನ್ನ ಬೆರಳು ಹೇಳಿತ್ತು," ಎಂದರು ಆಚಾರಿ. "ನಿಮ್ಮ ಮಾತು ನಂಬಿ ಅದರ ಮಾತು ಕೇಳಲಿಲ್ಲ."

ಅಪ್ಪ ಗಕ್ಕನೆ ತಲೆಯೆತ್ತಿದ. ಒಂದೇ ಗರಡಿಯ ಮಣ್ಣಲ್ಲಿ ಹೊರಳಿ ಬೆಳೆದವರು ಅವರು. ಬಾರೋ, ಹೋಗೋ ಬಿಟ್ಟರೆ ಅವರ ನಡುವೆ ಬೇರೆ ಮಾತೇ ಇರಲಿಲ್ಲ.

"ತಪ್ಪಾಯ್ತು ಕಣೋ ಮೌನ. ಎರಡು ಬೈದುಬಿಡೋ."

"ಕೂತ್ಕಳಿ," ಎಂದರು ಆಚಾರಿ, ಗಿರಾಕಿಗಳ ಬೆಂಚು ತೋರಿಸಿ. "ಕಾಫಿ ತಗಂತೀರಾ?"

ಅಪ್ಪ ಬೆಂಚಿನ ತುದಿಯಲ್ಲಿ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಕಾಫಿ ಬರುವುದನ್ನು ಕಾದ.